ಇನ್ನೂ ಕಟ್ಟದ ಮನೆಯ ಮೂಲೆಗಳು

ಹೋದ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಸಾಗರದಿಂದ ಬಂದಿದ್ದಳು. ಬಂದ ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆ ಕಿಟಕಿ ಹತ್ತಿರ ನಿಂತವಳು ಅಲ್ಲಿಂದಲೇ ಕೂಗಿದಳು. “ಎಂತದೇ ಅದು? ಎದುರಿನ ಬಯಲಲ್ಲಿ ಚಪ್ಪರ ಹಾಕ್ತಾ ಇದಾರೆ. ಯಾರ ಮದುವೆ?”

ಹೋಗಿ ನೋಡಿದೆ. ಎದುರಿನ ಹುಲ್ಲಿನ ಬಯಲಲ್ಲಿ ಇಬ್ಬರು ಕಂಬ ನೆಡುತ್ತಿದ್ದರು. ಎಳೇ ಅಡಿಕೆ ಮರದಷ್ಟು ಎತ್ತರ, ಅಷ್ಟೇ ತೆಳ್ಳಗಿನ ಅಲ್ಯೂಮಿನಿಯಂ ಕಂಬಗಳು. ಬೀಳದ ಹಾಗೆ ಮೂರು ದಿಕ್ಕಿಗೆ ತಂತಿ ಎಳೆದು ಗೂಟಕ್ಕೆ ಕಟ್ಟಿದ್ದರು. ಪ್ರತಿ ಕಂಬದ ತುದಿಯಲ್ಲೂ ಒಂದು ಸಣ್ಣ ಪಟ್ಟಿ, ಕೈ ಚಾಚಿ ಪಕ್ಕದ ಕಂಬ ತೋರಿಸುವ ಹಾಗೆ.

ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಸ್ವಿಟ್ಜರ್ಲೆಂಡಿನಲ್ಲಿ ಹತ್ತು ವರ್ಷ ಇದ್ದವರಿಗೆ ಆ ಕಂಬಗಳ ಅರ್ಥ ಗೊತ್ತು. ಇಲ್ಲಿನವರು ಅದಕ್ಕೆ ಬೌಗೆಶ್ಪಾನ್ ಅನ್ನುತ್ತಾರೆ. ಯಾರಾದರೂ ಮನೆ ಕಟ್ಟಬೇಕು ಅಂದರೆ ಅರ್ಜಿ ಹಾಕಿದರೆ ಮಾತ್ರ ಸಾಲದು. ಕಟ್ಟಡ ಎಲ್ಲಿ ನಿಲ್ಲುತ್ತದೋ ಅಲ್ಲೇ, ಎಷ್ಟು ಎತ್ತರಕ್ಕೆ ಏಳುತ್ತದೋ ಅಷ್ಟೇ ಎತ್ತರಕ್ಕೆ ಕಂಬ ನಿಲ್ಲಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಕಂಬ. ತುದಿಯ ಪಟ್ಟಿ ಮಾಡಿನ ಅಂಚು ಯಾವ ಕಡೆ ಹೋಗುತ್ತದೆ ಅನ್ನುವುದಕ್ಕೆ. ಊರಿನವರು ಓಡಾಡುವಾಗ ನೋಡಲಿ, ತಕರಾರು ಇದ್ದರೆ ಈಗಲೇ ಹೇಳಲಿ ಅಂತ ಇಷ್ಟೆಲ್ಲ. ನಕ್ಷೆ ಓದಲು ಬಾರದವರಿಗೂ ಇದು ಅರ್ಥವಾಗುತ್ತದೆ. ಕಂಬದಿಂದ ಕಂಬಕ್ಕೆ ಮನಸ್ಸಲ್ಲೇ ಗೆರೆ ಎಳೆದರೆ ಆಯಿತು, ಮನೆ ಕಾಣುತ್ತದೆ. ಮನೆಯ ಹಿಂದೆ ಏನೇನು ಮರೆಯಾಗುತ್ತದೆ ಅನ್ನುವುದೂ ಕಾಣುತ್ತದೆ.

ನಮ್ಮ ಕಿಟಕಿಯಿಂದ ಮರೆಯಾಗಲಿದ್ದದ್ದು ಗ್ಲೇರ್ನಿಶ್ ಬೆಟ್ಟ. ನಾವಿರುವುದು ಜ್ಯೂರಿಕ್ ಕ್ಯಾಂಟನ್ನಿನ ಒಂದು ಸಣ್ಣ ಊರು, ಕ್ಯಾಂಟನ್ ಅಂದರೆ ಇಲ್ಲಿನ ರಾಜ್ಯ. ಆಲ್ಪ್ಸ್ ಇಲ್ಲಿಂದ ದೂರ. ಆದರೆ ದಕ್ಷಿಣದಿಂದ ಬಿಸಿಗಾಳಿ ಬೀಸಿದ ದಿನ ಗಾಜು ಒರೆಸಿದ ಹಾಗೆ ಹಿಮದ ಬೆಟ್ಟಗಳೆಲ್ಲ ಹತ್ತಿರ ಬಂದು ನಿಲ್ಲುತ್ತವೆ. ಆ ಗಾಳಿಗೆ ಫ್ಯೋನ್ ಅಂತ ಹೆಸರು. “ಫೋನ್ ಬಂದ್ರೆ ಬೆಟ್ಟ ಕಾಣತ್ತೆ” ಅಂತ ಅಮ್ಮ ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದಾಳೆ.

ಎರಡು ದಿನ ಕಳೆದ ಮೇಲೆ ಮೇಲಿನ ಮನೆ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಹಾಳೆ. ನಾಲ್ಕು ಅಂತಸ್ತು ಜಾಸ್ತಿಯಾಯಿತು, ನೆರಳು ಬೀಳುತ್ತದೆ, ಇದ್ದ ಒಂದೇ ಬಯಲೂ ಹೋಗುತ್ತದೆ ಅಂತ ತಕರಾರು ಬರೆದು ಬೀದಿಯವರ ಸಹಿ ಹಾಕಿಸುತ್ತಿದ್ದರು. ಬೆಟ್ಟ ಕಾಣದೇ ಹೋಗುವ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ. ಯಾಕೆ ಅಂತ ಕೇಳಿದೆ. ಕಿಟಕಿಯ ನೋಟಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ, ಹಾಗೆ ಬರೆದರೆ ಆಫೀಸಿನವರು ನಗುತ್ತಾರೆ ಅಂದರು.

ನಾನು ಪೆನ್ನು ಹಿಡಿದುಕೊಂಡು ಸುಮ್ನೆ ನಿಂತೆ. ಸಹಿ ಹಾಕಬೇಕು ಅಂತಲೇ ಮನಸ್ಸು. ಆದರೆ ಇದೇ ಮನೆ ಸಿಗುವ ಮುಂಚೆ ಎಂಟು ತಿಂಗಳು ನಾವು ಬಾಡಿಗೆ ಮನೆ ಹುಡುಕಿದ್ದೆವು. ಒಂದು ಮನೆ ನೋಡಲು ಹೋದರೆ ಮೆಟ್ಟಿಲ ಮೇಲೆ ನಲವತ್ತು ಜನರ ಸಾಲು ಇರುತ್ತಿತ್ತು. ಎಲ್ಲರ ಕೈಯಲ್ಲೂ ಸಂಬಳದ ಚೀಟಿ, ಸಾಲ ಬಾಕಿಯಿಲ್ಲ ಅನ್ನುವ ಸರ್ಟಿಫಿಕೇಟು, ಚೆಂದದ ಒಂದು ನಗು. ಇಡೀ ದೇಶದಲ್ಲಿ ಖಾಲಿ ಇರುವ ಮನೆ ನೂರಕ್ಕೆ ಒಂದರ ಆಸುಪಾಸು. ಜನಸಂಖ್ಯೆ 90 ಲಕ್ಷ ದಾಟಿದೆ, ಅದರಲ್ಲಿ ನಾವೂ ಸೇರಿದ್ದೇವೆ. ನಾಲ್ಕು ಅಂತಸ್ತಿನ ಆ ಮನೆಯಲ್ಲಿ ನಮ್ಮಂಥ ಎಂಟು ಹತ್ತು ಸಂಸಾರಕ್ಕೆ ಜಾಗ ಸಿಗುತ್ತದೆ ಅಲ್ವಾ?

ಇನ್ನೊಂದು ವಿಷಯವೂ ಇತ್ತು. ನಮ್ಮ ಕಟ್ಟಡ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಚೆರ್ರಿ ತೋಟ ಇತ್ತಂತೆ. ಹೇಳಿದ್ದು ಅದೇ ಅಜ್ಜಿ. ಚಿಕ್ಕವರಿದ್ದಾಗ ಏಣಿ ಹಾಕಿ ಹಣ್ಣು ಕೊಯ್ಯುತ್ತಿದ್ದರಂತೆ. ಸರ್ಕಾರವೇ ದುಡ್ಡು ಕೊಟ್ಟು ಎತ್ತರದ ಹಣ್ಣಿನ ಮರಗಳನ್ನು ಕಡಿಸಿದ ಕಾಲವೊಂದು ಇಲ್ಲಿ ಇತ್ತು, ಆಗ ತೋಟ ಹೋಯಿತು. ಆಮೇಲೆ ನಮ್ಮ ಕಟ್ಟಡ ಎದ್ದಿತು. ಆಗ ಯಾರು ತಕರಾರು ಹಾಕಿದ್ದರೋ ಏನೋ.

“ನಾಳೆ ಕೊಡ್ತೀನಿ” ಅಂದು ಹಾಳೆ ಇಟ್ಟುಕೊಂಡೆ.

ಈ ದೇಶದ ಕ್ಯಾಲೆಂಡರು ನೋಡಿದವರಿಗೆ ಇಲ್ಲಿ ಬಯಲಿಗೇನು ಬರ ಅನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ. ಒಟ್ಟು 41,285 ಚದರ ಕಿಲೋಮೀಟರ್. ಅದರಲ್ಲಿ ಕಾಲು ಭಾಗ ಬಂಡೆ, ಹಿಮ, ಕೆರೆ. ಮೂರರಲ್ಲಿ ಒಂದು ಭಾಗ ಕಾಡು, ಅದನ್ನು ಮುಟ್ಟುವ ಹಾಗಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬೆಟ್ಟಗಳನ್ನು ಬೋಳು ಮಾಡಿ, ನೆರೆ ಬಂದು ಊರುಗಳು ಕೊಚ್ಚಿಹೋದ ಮೇಲೆ 1876ರಲ್ಲಿ ಕಾಡಿನ ಕಾನೂನು ಬಂತು. ಅಂದಿನಿಂದ ಒಂದು ಕಡೆ ಕಡಿದರೆ ಇನ್ನೊಂದು ಕಡೆ ಬೆಳೆಸಲೇಬೇಕು. ಹಾಗಾಗಿ ಮನೆ, ರಸ್ತೆ, ಕಾರ್ಖಾನೆಗೆ ಸಿಗುವುದು ಹುಲ್ಲುಗಾವಲು ಮತ್ತು ಹೊಲ ಮಾತ್ರ. ಮನೆ ರಸ್ತೆಗಳು ಈಗ ತಿಂದಿರುವುದು ನೂರಕ್ಕೆ ಎಂಟರಷ್ಟು. ಕೇಳಲು ಕಡಿಮೆ. ಆದರೆ ಅದೆಲ್ಲ ಇರುವುದು ಸಮತಟ್ಟಾದ, ಒಳ್ಳೆ ಮಣ್ಣಿನ ಜಾಗದಲ್ಲಿ. ಸೆಕೆಂಡಿಗೆ ಒಂದು ಚದರ ಮೀಟರ್ ಹೊಲ ಹೋಗುತ್ತಿದೆ ಅನ್ನುವ ಮಾತು ಇಲ್ಲಿ ಹಲವು ವರ್ಷ ಎಲ್ಲರ ಬಾಯಲ್ಲಿತ್ತು.

ಅದಕ್ಕೇ 2013ರ ಮಾರ್ಚ್‌ನಲ್ಲಿ ಜನ ವೋಟು ಹಾಕಿದರು. ನೂರಕ್ಕೆ 62.9 ಜನ ಹೂಂ ಅಂದರು. ಮುಂದಿನ ಹದಿನೈದು ವರ್ಷಕ್ಕೆ ಬೇಕಾಗುವಷ್ಟು ಜಾಗವನ್ನು ಮಾತ್ರ ಮನೆ ಕಟ್ಟಲು ಬಿಡಬೇಕು, ಹೆಚ್ಚಿದ್ದರೆ ಮತ್ತೆ ಹೊಲಕ್ಕೆ ಸೇರಿಸಬೇಕು ಅನ್ನುವುದು ಹೊಸ ನಿಯಮ. ಊರು ಹೊರಕ್ಕೆ ಹಬ್ಬಬಾರದು, ಒಳಗೇ ಒತ್ತಾಗಿ ಬೆಳೆಯಬೇಕು. ಊರಿನ ಒಳಗೆ ಖಾಲಿ ಉಳಿದ ಜಾಗಗಳಿವೆಯಲ್ಲ, ಅವು ಮೊದಲು ತುಂಬಲಿ.

ಎದುರಿನ ಬಯಲು ಅಂಥದ್ದೇ. ಮೂರು ಕಡೆ ಮನೆ, ಒಂದು ಕಡೆ ರಸ್ತೆ. ಆ ಕಾನೂನು ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು. ಎಂಥ ಜಾಣ ಜನ ಅಂದುಕೊಂಡಿದ್ದೆ. ದೂರದ ಹುಲ್ಲುಗಾವಲು ಉಳಿಯಲಿ ಅಂತ ಕಿಟಕಿ ಎದುರಿನ ಹುಲ್ಲುಗಾವಲು ಹೋಗುತ್ತದೆ ಅನ್ನುವುದು ಆಗ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಕಂಬ ನೆಟ್ಟಿರಲಿಲ್ಲವಲ್ಲ.

ಅಮ್ಮನಿಗೆ ಬೆಟ್ಟ ಹತ್ತಿರದಿಂದ ತೋರಿಸಬೇಕಿತ್ತು. ಏಪ್ರಿಲ್ ಕೊನೆಯಲ್ಲಿ ಯೂಲಿಯರ್ ಘಾಟಿಯಲ್ಲಿ ಸೇಂಟ್ ಮೊರಿಟ್ಸ್ ಕಡೆ ಹೊರಟೆವು. ದಾರಿಯಲ್ಲಿ ಮಾರ್ಮೊರೇರಾ ಅಂತ ಒಂದು ಕೆರೆ ಸಿಗುತ್ತದೆ. ಬೇಸಿಗೆಯ ಫೋಟೋಗಳಲ್ಲಿ ಹಸಿರು ನೀಲಿ ನೀರು. ನಾವು ಹೋದಾಗ ನೀರು ಪಾತಾಳಕ್ಕೆ ಇಳಿದಿತ್ತು. ಚಳಿಗಾಲದಲ್ಲಿ ಕರೆಂಟಿಗೆ ಬಳಸಿ ಬಳಸಿ ಖಾಲಿಯಾಗುತ್ತದೆ, ಹಿಮ ಕರಗಿದ ಮೇಲೆ ಮತ್ತೆ ತುಂಬುತ್ತದೆ. ದಡದ ಸುತ್ತ ಬೂದು ಮಣ್ಣಿನ ಅಗಲವಾದ ಪಟ್ಟಿ, ಅದರಲ್ಲಿ ಸಾಲು ಸಾಲು ಗೆರೆ, ನೀರು ಇಳಿದ ಗುರುತು.

ಅಮ್ಮ ಕಾರಿನಿಂದ ಇಳಿದು ಒಂದು ನಿಮಿಷ ನೋಡಿದಳು. “ಇದು ಹಿನ್ನೀರು” ಅಂದಳು. ನಾನು ಇನ್ನೂ ಏನೂ ಹೇಳಿರಲಿಲ್ಲ.

ಅಮ್ಮನಿಗೆ ಆರು ವರ್ಷ ಇದ್ದಾಗ, 1964ರಲ್ಲಿ, ಲಿಂಗನಮಕ್ಕಿ ತುಂಬಿತು. ಅವರ ಮನೆ, ತೋಟ, ಗದ್ದೆ ಎಲ್ಲ ಮುಳುಗಡೆ. ಮನೆಯ ಹೆಬ್ಬಾಗಿಲು ಕಿತ್ತು ಲಾರಿಗೆ ಹಾಕಿಕೊಂಡು ಬಂದಿದ್ದರು. ಆ ಬಾಗಿಲು ಈಗಲೂ ಮಾವನ ಮನೆಯಲ್ಲಿದೆ. ಬೇರೆ ಯಾವ ಬಾಗಿಲಿಗೂ ಹೊಂದದ ಹಾಗೆ ದೊಡ್ಡದು. ಹಿನ್ನೀರು ಅಂದರೆ ಹೇಗಿರುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾರ್ಮೊರೇರಾ ಕೂಡ ಒಂದು ಊರಿನ ಹೆಸರು. ಜ್ಯೂರಿಕ್ ನಗರಕ್ಕೆ ಕರೆಂಟು ಬೇಕಿತ್ತು. 1948ರಲ್ಲಿ ಊರಿನವರು ಕೂತು ವೋಟು ಹಾಕಿ ಒಪ್ಪಿಗೆ ಕೊಟ್ಟರು. 1954ರಲ್ಲಿ ಮಣ್ಣಿನ ಅಣೆಕಟ್ಟು ಮುಗಿಯಿತು. ಚರ್ಚು, ಶಾಲೆ, ಮನೆಗಳು ಎಲ್ಲ ನೀರಿನಡಿ ಹೋದವು. ಗೋರಿಯಲ್ಲಿದ್ದವರನ್ನೂ ಎತ್ತಿ ಸಾಗಿಸಿದರು. ಕೆರೆಯ ಮೇಲಿನ ಇಳಿಜಾರಿನಲ್ಲಿ ಅದೇ ಹೆಸರಿನ ಒಂದು ಪುಟ್ಟ ಊರು ಮತ್ತೆ ಕಟ್ಟಿದ್ದಾರೆ. ಹೋಗುತ್ತಾ ಬರುತ್ತಾ ಕಾಣುತ್ತದೆ, ಯಾರೂ ಕಾರು ನಿಲ್ಲಿಸುವುದಿಲ್ಲ.

ಇದನ್ನೆಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ. “ಊರಿನವರನ್ನ ಕೇಳಿದ್ರಾ?”

“ಕೇಳಿದ್ರಮ್ಮ. ವೋಟು ಹಾಕಿದ್ರು.”

“ಹೌದಾ” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಕೇಳಿದ್ರಲ್ಲ, ಅಷ್ಟಾದ್ರೂ” ಅಂದಳು.

ನಾನು ದಿನಾ ಕೆಲಸಕ್ಕೆ ಹೋಗುವುದು ಅದೇ ಜ್ಯೂರಿಕ್‌ಗೆ. ಕಂಪ್ಯೂಟರು, ಟ್ರಾಮು, ಕಾಫಿ ಮೆಷಿನ್ನು ಎಲ್ಲ ಓಡುವುದು ಇಂಥ ಕೆರೆಗಳಿಂದ. ಮುಳುಗಡೆಯವರ ಮಗಳು ನಾನು, ಈಗ ದೀಪ ಉರಿಸುವವರ ಕಡೆ ಸೇರಿಕೊಂಡಿದ್ದೇನೆ. ನಮ್ಮ ಕಡೆ ಎಷ್ಟೋ ಮುಳುಗಡೆ ಸಂಸಾರಗಳ ಜಮೀನಿನ ಹಕ್ಕುಪತ್ರ ಇವತ್ತಿಗೂ ಸರಿಯಾಗಿಲ್ಲ. ಅದನ್ನು ಅಲ್ಲಿ ನಿಂತು ಅಮ್ಮನಿಗೆ ಹೇಳುವ ಅಗತ್ಯ ಇರಲಿಲ್ಲ.

ಕೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿ ಇನ್ನೊಂದು ಊರಿದೆ, ಆಂಡರ್‌ಮಾಟ್. ಮೇ ತಿಂಗಳಲ್ಲಿ ಅಲ್ಲಿಗೂ ಹೋದೆವು. ಗ್ಯೋಶೆನನ್‌ನಲ್ಲಿ ರೈಲು ಬದಲಿಸಿದರೆ ಹಲ್ಲುಚಕ್ರದ ಸಣ್ಣ ಕೆಂಪು ರೈಲು ಕಡಿದಾದ ಕಣಿವೆಯಲ್ಲಿ ಏರುತ್ತದೆ. ಎರಡೂ ಪಕ್ಕ ಕೈಗೆ ಸಿಗುವಷ್ಟು ಹತ್ತಿರ ಕಲ್ಲಿನ ಗೋಡೆ. ಸುರಂಗ ದಾಟಿದ ಕೂಡಲೇ ತಟ್ಟೆಯ ಹಾಗೆ ಅಗಲವಾದ ಹಸಿರು ಬಯಲು. ನೋಡಿದ ಯಾವ ಇಂಜಿನಿಯರಿಗಾದರೂ ಅಣೆಕಟ್ಟು ಕಟ್ಟುವ ಆಸೆ ಹುಟ್ಟುವ ಜಾಗ. ಕಿರಿದಾದ ಬಾಯಿ, ದೊಡ್ಡ ಹೊಟ್ಟೆ.

ಆಸೆ ಹುಟ್ಟಿತ್ತು ಕೂಡ. ಬಾಯಿಗೆ ಅಡ್ಡ ಕಟ್ಟೆ ಕಟ್ಟಿ ಇಡೀ ಬಯಲು ತುಂಬಿಸುವ ಯೋಜನೆ. ಆಂಡರ್‌ಮಾಟ್, ಹೋಸ್ಪೆಂಟಾಲ್, ರೆಯಾಲ್ಪ್, ಮೂರೂ ಊರು ಮುಳುಗುತ್ತಿದ್ದವು. 1946ರ ಫೆಬ್ರವರಿಯ ಒಂದು ರಾತ್ರಿ, ಯೋಜನೆಗಾಗಿ ಬಂದ ಇಂಜಿನಿಯರನ್ನು ಊರಿನವರು ಸೇರಿ ಅಟ್ಟಿಬಿಟ್ಟರು. ಆ ರಾತ್ರಿಯನ್ನು ಇಲ್ಲಿ ಈಗಲೂ ಗಲಾಟೆಯ ರಾತ್ರಿ ಅಂತ ಕರೆಯುತ್ತಾರೆ. ಕೊನೆಗೆ ಯೋಜನೆ ಬಿದ್ದುಹೋಯಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕರೆಂಟು ಬೇಕೇ ಬೇಕಿತ್ತಲ್ಲ. ಅಣೆಕಟ್ಟು ಪಕ್ಕದ ಕಣಿವೆಯಲ್ಲಿ ಎದ್ದಿತು. ಗ್ಯೋಶೆನರಾಲ್ಪ್ ಅಂತ ಒಂದು ಪುಟ್ಟ ಹಳ್ಳಿ ಇತ್ತು, ಕೆಲವೇ ಮನೆ. 1960ರ ಸುಮಾರಿಗೆ ಅದು ಮುಳುಗಿತು. ಗಲಾಟೆ ಮಾಡಲೂ ಅಲ್ಲಿ ಸಾಕಷ್ಟು ಜನ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

ಆಂಡರ್‌ಮಾಟ್‌ನ ನೆತ್ತಿಯ ಮೇಲೆ ಬೋಳು ಇಳಿಜಾರಿನ ನಡುವೆ ತ್ರಿಕೋನದ ಒಂದು ಕಾಡಿದೆ. ಮೇಲೆ ಚೂಪು, ಕೆಳಗೆ ಅಗಲ. ಹಿಮಪಾತ ಊರಿನ ಮೇಲೆ ಬೀಳದ ಹಾಗೆ ತಡೆಯುವುದು ಅದೇ. ಅದರ ಒಂದು ಕೊಂಬೆಯನ್ನೂ ಯಾರೂ ಮುಟ್ಟಬಾರದು ಅಂತ 1397ರಲ್ಲಿ ಊರಿನವರು ಪತ್ರ ಬರೆದಿಟ್ಟರು. ಅಮ್ಮನಿಗೆ ಇದು ಎಲ್ಲಕ್ಕಿಂತ ಹಿಡಿಸಿತು. “ದೇವರಕಾಡು” ಅಂದಳು. ದೇವರು ಗೀವರು ಇಲ್ಲಮ್ಮ, ಬರೀ ಹೆದರಿಕೆ ಅಂದೆ. “ನಮ್ಮಲ್ಲೇನು ಬೇರೆ?” ಅಂದಳು.

ಬಹಳ ಕಾಲ ಈ ಊರು ನಡೆದದ್ದು ಸೈನಿಕರ ದುಡ್ಡಿನಲ್ಲಿ. ಸೈನ್ಯ ಕಮ್ಮಿಯಾದಾಗ ಊರು ಸೊರಗಿತು. ಆಗ ಈಜಿಪ್ಟಿನ ಸಮೀಹ್ ಸವೀರಿಸ್ ಅನ್ನುವ ಉದ್ಯಮಿ ಬಂದರು. ಹೋಟೆಲು, ನೂರಾರು ಅಪಾರ್ಟ್‌ಮೆಂಟು, ಗಾಲ್ಫ್ ಮೈದಾನ, ಈಚೆಗೆ ಸಂಗೀತ ಸಭಾಂಗಣ. ವಿದೇಶಿಯರು ಇಲ್ಲಿ ರಜೆಯ ಮನೆ ಕೊಳ್ಳುವುದಕ್ಕೆ ಕಟ್ಟುನಿಟ್ಟಿನ ಕಾನೂನಿದೆ. ಆಂಡರ್‌ಮಾಟ್‌ಗೆ ಮಾತ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಇಂಜಿನಿಯರನ್ನು ಅಟ್ಟಿದ ಊರು ಈ ಸಲ ಕೆಂಪು ಹಾಸು ಹಾಸಿತು. ಇದನ್ನು ಆಡಿಕೊಳ್ಳುವುದು ಸುಲಭ. ಶಾಲೆ ಮುಚ್ಚುವ ಸ್ಥಿತಿಗೆ ಬಂದ ಊರಲ್ಲಿ ಕೂತವರಿಗೆ ಆಡಿಕೊಳ್ಳುವಷ್ಟು ಪುರುಸೊತ್ತು ಇರುವುದಿಲ್ಲ.

ನಾವು ಹೋದದ್ದು ಸೀಸನ್ ಅಲ್ಲದ ಹೊತ್ತು. ಸ್ಕೀಯಿಂಗ್ ಮುಗಿದಿತ್ತು, ಬೇಸಿಗೆ ಶುರುವಾಗಿರಲಿಲ್ಲ. ಸಂಜೆ ಹೊಸ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದೆವು. ಮರದ ಹೊದಿಕೆಯ ಚೆಂದದ ಕಟ್ಟಡಗಳು, ಬಾಲ್ಕನಿಗಳಲ್ಲಿ ಕವರು ಹಾಕಿದ ಕುರ್ಚಿಗಳು. ಕತ್ತಲಾದ ಮೇಲೆ ಅಮ್ಮ ದೀಪ ಎಣಿಸಿದಳು. ಒಂದು ಕಟ್ಟಡದಲ್ಲಿ ಮೂರು. ಅದರ ಪಕ್ಕದ್ದರಲ್ಲಿ ಒಂದು, ಅದೂ ಮೆಟ್ಟಿಲಿನದ್ದು.

“ಕಟ್ಟಿ ಬೀಗ ಹಾಕಿ ಇಟ್ಟಿದಾರಾ?”

ಇದಕ್ಕೆ ಇಲ್ಲಿ ತಣ್ಣನೆ ಹಾಸಿಗೆ ಅನ್ನುತ್ತಾರೆ. ವರ್ಷಕ್ಕೆ ಮೂರು ವಾರ ಯಾರೋ ಬಂದು ಮಲಗುವ ಹಾಸಿಗೆ, ಉಳಿದ ದಿನ ತಣ್ಣಗೆ. ಇದು ಅತಿಯಾಗಿ, ಫ್ರಾನ್ಸ್ ವೇಬರ್ ಅನ್ನುವ ಪರಿಸರ ಹೋರಾಟಗಾರರು ಒಂದು ಪ್ರಸ್ತಾಪ ತಂದರು. ಯಾವ ಊರಲ್ಲೂ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ರಜೆಯ ಮನೆ ಇರಬಾರದು. 2012ರ ಮಾರ್ಚ್ 11ರಂದು ಅದು ಗೆದ್ದಿತು, ಬರೀ 50.6 ಶೇಕಡಾದಲ್ಲಿ. ಕೆಳಗಿನ ನಗರದವರು ಹೂಂ ಅಂದರು, ಬೆಟ್ಟದ ಮೇಲಿನವರು ಬೇಡ ಅಂದರು. ವಾಲೆ ಕ್ಯಾಂಟನ್ನಿನಲ್ಲಿ ನಾಲ್ಕರಲ್ಲಿ ಮೂರು ಜನ ಬೇಡ ಅಂದವರೇ. ಮರುವರ್ಷದ ಜಾಗದ ಕಾನೂನಿನಲ್ಲೂ 26 ಕ್ಯಾಂಟನ್‌ಗಳ ಪೈಕಿ ಬೇಡ ಅಂದದ್ದು ವಾಲೆ ಒಂದೇ. ನಮ್ಮ ಬೆಟ್ಟ ನಿಮಗೆ ಭಾನುವಾರದ ನೋಟ, ನಮಗೆ ಅನ್ನ ಅನ್ನುವ ಸಿಟ್ಟು ಅವರದ್ದು. ಪಶ್ಚಿಮಘಟ್ಟ ಉಳಿಸುವ ಬಗ್ಗೆ ಕಸ್ತೂರಿರಂಗನ್ ವರದಿ ಬಂದಾಗ ಮಲೆನಾಡಿನಲ್ಲಿ ಎದ್ದ ಕೂಗು ಕೇಳಿದವರಿಗೆ ಈ ಸಿಟ್ಟು ಹೊಸದಲ್ಲ.

ಕಾನೂನಿನಿಂದ ಹೊಸ ರಜೆಮನೆ ಕಟ್ಟುವುದು ಬಹುಮಟ್ಟಿಗೆ ನಿಂತಿತು, ನಿಜ. ಆದರೆ ಹಳೇ ಮನೆಗಳಿಗೆ ಆ ಮಿತಿ ಇಲ್ಲ. ಊರಿನವರು ತಲೆತಲಾಂತರದಿಂದ ಇದ್ದ ಮನೆಯನ್ನು ರಜೆಮನೆಯಾಗಿ ಮಾರಬಹುದು. ಹೊಸದು ಸಿಗದ ಮೇಲೆ ಹಳೆಯದಕ್ಕೆ ಚಿನ್ನದ ಬೆಲೆ ಬಂತು. ಸೇಂಟ್ ಮೊರಿಟ್ಸ್ ಇರುವ ಎಂಗಡೀನ್ ಕಣಿವೆಯಲ್ಲಿ ಈಗ ಬೇಕರಿಯವರಿಗೆ, ಮೇಷ್ಟ್ರುಗಳಿಗೆ ಬಾಡಿಗೆ ಮನೆ ಇಲ್ಲ. ಕೆಳಗಿನ ಊರಿಂದ ದಿನಾ ಬಸ್ಸು ಹತ್ತಿ ಬರುತ್ತಾರೆ. ಬೆಟ್ಟದ ನೋಟ ಉಳಿಯಿತು, ನೋಡುತ್ತಾ ಹುಟ್ಟಿದವರು ಕೆಳಗೆ ಇಳಿದರು. ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಇಳಿಜಾರೆಲ್ಲ ಬೀಗ ಹಾಕಿದ ಬಾಲ್ಕನಿಗಳೇ ಆಗಿರುತ್ತಿದ್ದವು. ಆದರೆ ವೋಟು ಹಾಕಿದ ನಗರದವರಿಗೆ ಅದರಿಂದ ಒಂದು ಪೈಸೆ ಖರ್ಚೂ ಆಗಲಿಲ್ಲ ಅನ್ನುವುದು ನನಗೆ ಚುಚ್ಚುತ್ತಲೇ ಇರುತ್ತದೆ.

ವಾಪಸು ರೈಲಿನಲ್ಲಿ ಅಮ್ಮ ಹೊರಗೆ ನೋಡುತ್ತಾ ಕೂತಿದ್ದಳು. “ನಮ್ಮ ಮನೆ ಮೇಲ್ಮಹಡಿ ಬೀಗ ಹಾಕಿ ಎಷ್ಟು ವರ್ಷ ಆಯ್ತೇ?” ಅಂದಳು. ಹತ್ತು ಅಂದೆ. ಆ ರೂಮು ನನ್ನದು.

ಮೇ 28, ಬುಧವಾರ. ಸಂಜೆ ಕೆಲಸದಿಂದ ಬಂದಾಗ ಅಮ್ಮ ಫೋನು ಹಿಡಿದು ಕೂತಿದ್ದಳು. ಊರಿಂದ ಯಾರೋ ವಿಡಿಯೋ ಕಳಿಸಿದ್ದರು. “ಸ್ವಿಟ್ಜರ್ಲೆಂಡಲ್ಲಿ ಗುಡ್ಡ ಕುಸಿದಿದೆ, ನಿಮ್ಮ ಹತ್ತಿರವಾ?” ಅಂತ.

ಬ್ಲಾಟನ್. ವಾಲೆಯ ಲೋಯ್ಚೆಂಟಾಲ್ ಕಣಿವೆಯ ಕೊನೇ ಊರು. 2023ರ ಆಗಸ್ಟಿನಲ್ಲಿ ನಾವು ಅಲ್ಲಿ ಒಂದು ರಾತ್ರಿ ಇದ್ದೆವು. ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಕಿಟಕಿಗಳಲ್ಲಿ ಕೆಂಪು ಹೂವು. ಮನೆಗಳ ನಡುವೆ ಹಳೇ ಕಣಜಗಳು. ನಾಲ್ಕು ಗಿಡ್ಡ ಕಾಲಿನ ಮೇಲೆ ನಿಂತಿರುತ್ತವೆ, ಒಂದೊಂದು ಕಾಲಿನ ಮೇಲೂ ರೊಟ್ಟಿಯಂಥ ದುಂಡನೆ ಚಪ್ಪಡಿ ಕಲ್ಲು. ಇಲಿ ಕಾಲು ಹತ್ತಿದರೂ ಆ ಕಲ್ಲಿನ ಅಂಚು ದಾಟಿ ಮೇಲೆ ಹೋಗಲಾರದು. ನನ್ನ ಗಂಡ ಆ ಕಲ್ಲಿನ ಅಡಿ ಕೈ ಹಾಕಿ ಸವರಿ ನೋಡಿದ್ದ. ನಾವು ಉಳಿದ ಮನೆಯ ಗೋಡೆಯ ಮೇಲೆ ಹಸುವಿನ ಹಲ್ಲು ಕೂರಿಸಿದ ಮರದ ಮುಖವಾಡ ನೇತುಹಾಕಿತ್ತು. ಚಳಿಗಾಲದ ಕೊನೆಯಲ್ಲಿ ಆಡಿನ ಚರ್ಮ ಹೊದ್ದು, ಅದನ್ನು ಹಾಕಿಕೊಂಡು ಊರೆಲ್ಲ ಓಡಾಡುತ್ತಾರಂತೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ನಾನು ಅದರ ಕಡೆ ನೋಡದೇ ಹೋಗಿದ್ದೆ.

ವಿಡಿಯೋದಲ್ಲಿ ಮೊದಲು ಬೆಟ್ಟದ ಮೇಲೆ ಧೂಳು. ಆಮೇಲೆ ಧೂಳು ಕೆಳಗಿಳಿಯಿತು, ಕಣಿವೆ ದಾಟಿ ಎದುರಿನ ಬೆಟ್ಟವನ್ನೂ ಹತ್ತಿತು. ಅಷ್ಟೇ. ಮೇಲಿನ ಶಿಖರದಿಂದ ಬಂಡೆಗಳು ದಿನಗಟ್ಟಲೆ ಬಿರ್ಚ್ ಹಿಮನದಿಯ ಮೇಲೆ ಉದುರಿ ಉದುರಿ, ಆ ಭಾರಕ್ಕೆ ಹಿಮನದಿಯೇ ಕಿತ್ತುಕೊಂಡು ಬಂದಿತ್ತು. ಊರಿನ ನೂರಕ್ಕೆ ತೊಂಬತ್ತು ಭಾಗ ಮಣ್ಣಿನಡಿ. ಲೊಂಜಾ ಹೊಳೆಗೆ ಅಡ್ಡ ಗುಡ್ಡ ಬಿದ್ದು ಕೆರೆಯಾಗಿ, ಉಳಿದ ಮನೆಗಳಲ್ಲೂ ಹಲವು ಮುಳುಗಿದವು. ಒಂಬತ್ತು ದಿನ ಮುಂಚೆ, ಮೇ 19ರಂದೇ, ಊರಿನ ಸುಮಾರು 300 ಜನರನ್ನು ಹೊರಡಿಸಿದ್ದರು. ದನಗಳನ್ನೂ ಸಾಗಿಸಿದ್ದರು. ಒಬ್ಬರು ಮಾತ್ರ ತೀರಿಕೊಂಡರು.

ಅಮ್ಮ ವಿಡಿಯೋವನ್ನು ನಾಲ್ಕೈದು ಸಲ ನೋಡಿದಳು. “ಹೊರಡುವಾಗ ಎಂತ ತಗೊಂಡು ಹೋದ್ರಂತೆ?” ಅಂತ ಕೇಳಿದಳು.

ಬ್ಲಾಟನ್‌ನವರು ಎಲ್ಲವನ್ನೂ ಸರಿಯಾಗಿ ಮಾಡಿದ್ದರು ಅನ್ನುವುದು ನನ್ನನ್ನು ಬಹಳ ದಿನ ಕಾಡಿತು. ಅಪಾಯದ ಜಾಗಗಳ ನಕ್ಷೆ ಇಲ್ಲಿ ಊರೂರಿಗೆ ಇದೆ. ಕೆಂಪು ಬಣ್ಣದಲ್ಲಿ ಹೊಸ ಮನೆ ಕಟ್ಟುವ ಹಾಗಿಲ್ಲ, ನೀಲಿಯಲ್ಲಿ ಷರತ್ತು ಇದೆ. ಬೆಟ್ಟದ ಮೇಲೆ ಕ್ಯಾಮೆರಾ, ರಾಡಾರ್. ಕಡಿಯಬಾರದ ಕಾಡು ಕಡಿಯಲಿಲ್ಲ, ಕಟ್ಟಬಾರದ ಕಡೆ ಕಟ್ಟಲಿಲ್ಲ. ಆದರೂ ಊರು ಹೋಯಿತು. ತಜ್ಞರು ಒಂದೇ ಕಾರಣಕ್ಕೆ ಬೆರಳು ತೋರಿಸಲಿಲ್ಲ. ಎತ್ತರದ ಬಂಡೆಗಳ ಸಂದಿಯಲ್ಲಿ ಸಿಮೆಂಟಿನ ಹಾಗೆ ಹಿಡಿದಿರುವ ಮಂಜು ಕರಗುತ್ತಿದೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. 2022 ಮತ್ತು 2023, ಎರಡೇ ವರ್ಷದಲ್ಲಿ ಈ ದೇಶದ ಹಿಮನದಿಗಳು ಹತ್ತರಲ್ಲಿ ಒಂದು ಭಾಗ ಕಳೆದುಕೊಂಡವು. ಫುರ್ಕಾ ಘಾಟಿಯ ಹತ್ತಿರ ರೋನ್ ಹಿಮನದಿಯ ಒಂದು ತುದಿಗೆ ಬೇಸಿಗೆಯಲ್ಲಿ ಬಿಳಿ ಬಟ್ಟೆ ಹೊದಿಸುತ್ತಾರೆ. ಒಳಗೆ ಪ್ರವಾಸಿಗರಿಗೆ ಅಂತ ಕೊರೆದ ಗುಹೆ ಕರಗದಿರಲಿ ಅಂತ. ಹತ್ತಿರ ಹೋದರೆ ಹರಿದ ಕಂಬಳಿಯ ಹಾಗಿದೆ, ಅಡಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ವೋಟು ಹಾಕಿ ಊರಿನ ಅಂಚು ನಿಲ್ಲಿಸಬಹುದು. ಬೆಟ್ಟದ ಅಂಚಿಗೆ ಈ ದೇಶದವರ ವೋಟು ಮಾತ್ರ ಸಾಲುವುದಿಲ್ಲ.

ಇಷ್ಟು ದುಡ್ಡು ಸುರಿದು ಬೆಟ್ಟದ ಊರುಗಳನ್ನು ಉಳಿಸಬೇಕಾ ಅಂತ ಆಮೇಲೆ ಕೆಲವರು ಕೇಳಿದರು. ಅದನ್ನು ಓದಿ ನನಗೆ ನಿಜವಾಗಲೂ ಸಿಟ್ಟು ಬಂತು. ಬೇಸಿಗೆಯಲ್ಲಿ ಫೋಟೋಕ್ಕೆ ಬೇಕು, ಚಳಿಗಾಲದಲ್ಲಿ ಕರೆಂಟಿಗೆ ಬೇಕು, ಆದರೆ ಅಲ್ಲಿರುವವರು ಖರ್ಚಿನ ಬಾಬ್ತು! ಕಡಿದಾದ ಇಳಿಜಾರಿನಲ್ಲಿ ಯಾರೋ ಬೆನ್ನು ಬಗ್ಗಿಸಿ ಹುಲ್ಲು ಕೊಯ್ಯುವುದರಿಂದಲೇ ಆ ಹುಲ್ಲುಗಾವಲು ಹುಲ್ಲುಗಾವಲಾಗಿ ಇರುವುದು. ಬಿಟ್ಟರೆ ಕೆಲವೇ ವರ್ಷಕ್ಕೆ ಪೊದೆ, ಆಮೇಲೆ ಕಾಡು. ಅದಕ್ಕೇ ಸರ್ಕಾರ ಇಳಿಜಾರು ನೋಡಿ ರೈತರಿಗೆ ದುಡ್ಡು ಕೊಡುತ್ತದೆ. ಕ್ಯಾಲೆಂಡರಿನ ಹಸಿರಿಗೂ ಕೂಲಿ ಇದೆ. ಬ್ಲಾಟನ್‌ನವರು ಅಲ್ಲೇ ಆಸುಪಾಸಿನಲ್ಲಿ ಊರನ್ನು ಮತ್ತೆ ಕಟ್ಟಲು ಹೊರಟಿದ್ದಾರೆ. ಎಲ್ಲಿ ಕಟ್ಟಬಹುದು ಅಂತ ಹೊಸದಾಗಿ ನಕ್ಷೆ ಬರೆಯಬೇಕು. ಅಲ್ಲೂ ಕಂಬ ನೆಡುತ್ತಾರೆ ಅಂದುಕೊಂಡಿದ್ದೇನೆ.

ಅಜ್ಜಿಯ ಹಾಳೆ ಅಷ್ಟು ದಿನವೂ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನಲ್ಲಿ ಸಿಕ್ಕಿಸಿಕೊಂಡೇ ಇತ್ತು. ಅವರು ತಮ್ಮಲ್ಲಿದ್ದ ನಕಲನ್ನೇ ಯಾವಾಗಲೋ ಆಫೀಸಿಗೆ ಕೊಟ್ಟುಬಿಟ್ಟಿದ್ದರು. ನಾನು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಅಂತ ಹೇಳುವ ಧೈರ್ಯವೂ ಬರಲಿಲ್ಲ. ಜೂನ್‌ನಲ್ಲಿ ಮೆಟ್ಟಿಲ ಮೇಲೆ ಸಿಕ್ಕಾಗ ಕ್ಷಮೆ ಕೇಳಿದೆ. ಅವರು ನಕ್ಕು, “ನಿಮಗೆ ಮನೆ ಬೇಕು, ನನಗೆ ಬಿಸಿಲು ಬೇಕು” ಅಂದರು. ವರ್ಷಕ್ಕೆ ನಾಲ್ಕು ಸಲ ಅವರ ಪೋಸ್ಟ್ ಡಬ್ಬಿಗೆ ವೋಟಿನ ದಪ್ಪ ಲಕೋಟೆ ಬರುತ್ತದೆ, ನಮ್ಮ ಡಬ್ಬಿಗೆ ಬರುವುದಿಲ್ಲ. 2024ರ ನವೆಂಬರಿನಲ್ಲಿ ಹೆದ್ದಾರಿ ಅಗಲ ಮಾಡುವುದು ಬೇಡ ಅಂತ ದೇಶ ತೀರ್ಮಾನಿಸಿದಾಗ ಅವರು ಕೇಕು ಮಾಡಿ ನಮಗೂ ಒಂದು ತುಂಡು ಕೊಟ್ಟಿದ್ದರು. ಜಗಳ ಆಡುವ ಹಕ್ಕು ಅವರದ್ದು, ಕೇಕು ಇಬ್ಬರದ್ದೂ.

ಅಮ್ಮ ಜುಲೈನಲ್ಲಿ ಊರಿಗೆ ಹೋದಳು. ಅವಳು ಹೋದ ವಾರ ಹೊಳೆಬಾಗಿಲಿನಲ್ಲಿ ಸಿಗಂದೂರಿನ ಸೇತುವೆ ಉದ್ಘಾಟನೆ ಆಯಿತು. ಹಿನ್ನೀರು ದಾಟಲು ಆರು ದಶಕ ಲಾಂಚಿಗೆ ಕಾದ ಮೇಲೆ. ಸೇತುವೆ ಮೇಲೆ ನಿಂತು ವಿಡಿಯೋ ಕಾಲ್ ಮಾಡಿದಳು. ಗಾಳಿಗೆ ಸೀರೆ ಸೆರಗು ಫೋನಿನ ಮೇಲೇ ಬಂದು ಬೀಳುತ್ತಿತ್ತು, ಏನೂ ಸರಿಯಾಗಿ ಕಾಣಲಿಲ್ಲ. ಕೆಳಗೆ ನೀರು ತೋರಿಸಿ, “ಇಲ್ಲೇ ಎಲ್ಲೋ” ಅಂದಳು. ಆಮೇಲೆ ಕೇಳಿದಳು. “ನಿಮ್ಮ ಮನೆ ಎದುರಿನ ಚಪ್ಪರ ಬಿಚ್ಚಿದ್ರಾ?”

ಬಿಚ್ಚಿಲ್ಲ. ತಕರಾರು ಇನ್ನೂ ನಡೆಯುತ್ತಿದೆ, ಅದು ಇತ್ಯರ್ಥ ಆಗುವವರೆಗೆ ಕಂಬ ತೆಗೆಯುವ ಹಾಗಿಲ್ಲ. ರೈತ ಕಂಬಗಳ ಸುತ್ತ ಟ್ರ್ಯಾಕ್ಟರು ತಿರುಗಿಸಿ ತಿರುಗಿಸಿ ಹುಲ್ಲು ಕೊಯ್ದ. ಬುಡದಲ್ಲಿ ದುಂಡಗೆ ಉದ್ದ ಹುಲ್ಲು ಹಾಗೇ ಉಳಿಯಿತು. ಆಮೇಲೆ ಎಂದಿನಂತೆ ಸಗಣಿ ನೀರು ಸಿಂಪಡಿಸಿದ, ಎರಡು ದಿನ ಕಿಟಕಿ ತೆಗೆಯಲಾಗಲಿಲ್ಲ. ಎತ್ತರದ ಕಂಬದ ತುದಿಯಲ್ಲಿ ಒಂದು ಕೆಂಪು ಹದ್ದು ಬಂದು ಕೂರುವುದು ರೂಢಿ ಮಾಡಿಕೊಂಡಿದೆ. ನಾಲ್ಕನೇ ಅಂತಸ್ತಿನ ಮಲಗುವ ಕೋಣೆ ಅದರದ್ದು ಅಂತ ನನ್ನ ಗಂಡನ ಲೆಕ್ಕ.

ಹೋದ ವಾರ ಜೋರು ಗಾಳಿ ಬೀಸಿ ಒಂದು ಕಂಬ ವಾಲಿತು. ಬೆಳಿಗ್ಗೆ ನೋಡಿದರೆ ಮನೆಯ ಒಂದು ಮೂಲೆ ರಸ್ತೆ ಕಡೆಗೆ ಬಗ್ಗಿದ ಹಾಗಿತ್ತು. ಮಧ್ಯಾಹ್ನ ಕಿತ್ತಳೆ ಜಾಕೆಟಿನ ಒಬ್ಬ ಬಂದ. ಗೂಟ ಕಿತ್ತು ಹೊಸ ಜಾಗದಲ್ಲಿ ಹೊಡೆದ, ತಂತಿ ಬಿಗಿದ. ಜೇಬಿನಿಂದ ಮಟ್ಟಗೋಲು ತೆಗೆದು ಕಂಬಕ್ಕೆ ಹಿಡಿದು ನೋಡಿದ. ಇನ್ನೊಂದು ಪಕ್ಕಕ್ಕೆ ಹೋಗಿ ಮತ್ತೆ ಹಿಡಿದ. ಒಂದು ಕಣ್ಣು ಮುಚ್ಚಿ ದೂರದಿಂದ ನೋಡಿದ. ತೃಪ್ತಿ ಆಗಲಿಲ್ಲವೇನೋ, ವಾಪಸು ಬಂದು ತಂತಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದ.